ಕೂಟ, ಮೇಳ, ಶಿಬಿರ

ಏಪ್ರಿಲ್ ಹತ್ತು ಕಳೆಯಿತೆಂದರೆ ಪತ್ರಿಕಾ ಕಚೇರಿಗಳಿಗೆ ಒಂದೇ ಅಚ್ಚಿನ ಪ್ರಕಟಣೆಗಳು ಬರತೊಡಗುತ್ತವೆ. ‘ಮಕ್ಕಳ ಬೇಸಿಗೆ ಶಿಬಿರ ಇಂದಿನಿಂದ’, ‘ಸುಪ್ತ ಪ್ರತಿಭೆಗೆ ಶಿಬಿರ ವೇದಿಕೆ’, ಮೇ ತಿಂಗಳು ಬಂದರೆ ‘ಶಿಬಿರ ಸಮಾರೋಪ’. ಒಳಗೊಂದು ಪಟ್ಟಿ: ಚಿತ್ರಕಲೆ, ಜೇಡಿಮಣ್ಣಿನ ಕೆಲಸ, ಮುಖವಾಡ, ರಂಗಗೀತೆ, ಕೋಲಾಟ, ಗಾಳಿಪಟ, ಕಥೆ ಹೇಳುವುದು, ಒಂದು ದಿನ ಚಾರಣ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ನಾವೆಲ್ಲ ಇಂಥವನ್ನು ನಾಲ್ಕು ಸಾಲಿಗೆ ಇಳಿಸುವುದನ್ನು ಕಲಿತೆವು. ಊರಿನ ಹೆಸರು, ಉದ್ಘಾಟಕರ ಹೆಸರು ಬದಲಾಯಿಸಿದರೆ ಹೋದ ವರ್ಷದ್ದೇ ಈ ವರ್ಷಕ್ಕೂ ನಡೆಯುತ್ತದೆ.

ತಮಾಷೆಯೆಂದರೆ ನಮ್ಮ ಬಳಗದಲ್ಲಿ ಚಿಕ್ಕಂದಿನಲ್ಲಿ ಬೇಸಿಗೆ ಶಿಬಿರಕ್ಕೆ ಹೋದವರು ಒಬ್ಬರೂ ಇಲ್ಲ. ನಮ್ಮೂರುಗಳಲ್ಲಿ ಶಿಬಿರ ಅಂದರೆ ಕಣ್ಣಿನ ಶಿಬಿರ. ಅಜ್ಜಿಯಂದಿರು ಬೆಳಿಗ್ಗೆ ವ್ಯಾನು ಹತ್ತಿ ಹೋಗಿ ಮರುದಿನ ಕಪ್ಪು ಕನ್ನಡಕ ಹಾಕಿಕೊಂಡು ಇಳಿಯುತ್ತಿದ್ದರು. ಇನ್ನೊಂದು ಕುಟುಂಬ ಯೋಜನೆಯ ಶಿಬಿರ, ಅದರ ಬಗ್ಗೆ ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೂರನೆಯದು ಪೇಟೆಯ ಕಾಲೇಜು ಹುಡುಗರ ಎನ್‌ಎಸ್‌ಎಸ್ ಶಿಬಿರ: ಏಳು ದಿನ ಶಾಲೆಯಲ್ಲಿ ಮಲಗಿ, ಚರಂಡಿ ತೆಗೆದು, ರಾತ್ರಿ ಹಾಡು ಹೇಳಿ ಹೋಗುತ್ತಿದ್ದರು. ಮಕ್ಕಳ ಬೇಸಿಗೆಗೆ ಒಂದು ಶಿಬಿರ ಬೇಕು, ಅದಕ್ಕೆ ಹೆಸರು ನೋಂದಾಯಿಸಬೇಕು, ಶುಲ್ಕ ಕಟ್ಟಬೇಕು ಎಂಬುದು ನಮ್ಮ ತಾಲೂಕು ಕೇಂದ್ರಗಳಿಗೆ ಬಂದದ್ದು ಈಚೆಗೆ.

ಹಾಗಾದರೆ ಇದು ಎಲ್ಲಿಂದ ಬಂತು? ಜೇಡಿಮಣ್ಣು, ಮುಖವಾಡ, ಚಾರಣ ಇರುವ ಈ ಪಟ್ಟಿಯನ್ನು ಮೊದಲು ಬರೆದವರು ಯಾರು, ಯಾವ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದರು? ಹುಡುಕುತ್ತ ಹೋದಾಗ ಕನ್ನಡದಲ್ಲಿ ಇದಕ್ಕೆ ಒಂದಲ್ಲ, ಮೂರು ಹೆಸರು ಸಿಕ್ಕವು. ಕೂಟ, ಮೇಳ, ಶಿಬಿರ. ಮೂರರ ಹಿಂದೆಯೂ ಬೇರೆ ಬೇರೆ ಕಥೆಯಿದೆ.

ಈಗ ಗೆದ್ದಿರುವ ಹೆಸರಿನಿಂದಲೇ ಶುರು ಮಾಡೋಣ. ಶಿಬಿರ ಅಂದರೆ ಮೂಲದಲ್ಲಿ ಸೈನ್ಯ ಇಳಿದುಕೊಳ್ಳುವ ಜಾಗ. ಹಳೆಯ ಕನ್ನಡದಲ್ಲಿ ಬೀಡು, ಆಮೇಲೆ ಪಾಳೆಯ. ಇಂಗ್ಲಿಷಿನ ಕ್ಯಾಂಪ್ ಎಂಬುದಕ್ಕೂ ಇದೇ ಅರ್ಥ. ಮಕ್ಕಳ ಆಟಕ್ಕೆ ದಂಡಿನ ಹೆಸರು ಬಂದದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಮಕ್ಕಳ ಶಿಬಿರದ ಮೊದಲಿಗನೆಂದು ಸಾಮಾನ್ಯವಾಗಿ ಹೆಸರಿಸುವುದು ಕನೆಕ್ಟಿಕಟ್ ರಾಜ್ಯದ ಶಾಲಾ ಮಾಸ್ತರ ಫ್ರೆಡೆರಿಕ್ ಗನ್ ಅವರನ್ನು. ವರ್ಷ 1861. ಆಗಷ್ಟೇ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತ್ತು. ಹುಡುಗರ ತಲೆಯಲ್ಲಿ ಡೇರೆ, ಕವಾಯತು, ಬಯಲಲ್ಲಿ ಮಲಗುವುದು ಇವೇ ತುಂಬಿದ್ದವು. ಸರಿ, ಹಾಗೇ ಮಾಡೋಣ ಅಂತ ಗನ್ ದಂಪತಿ ಆ ಬೇಸಿಗೆಯಲ್ಲಿ ತಮ್ಮ ಶಾಲೆಯ ಹುಡುಗರನ್ನು ಕರೆದುಕೊಂಡು ಸುಮಾರು 40 ಮೈಲು ದೂರದ ಕಡಲತೀರಕ್ಕೆ ನಡೆದರು. ಸುಮಾರು ಎರಡು ವಾರ ಅಲ್ಲೇ ಬಿಡಾರ. ದೋಣಿ ನಡೆಸುವುದು, ಮೀನು ಹಿಡಿಯುವುದು, ಈಜುವುದು, ರಾತ್ರಿ ಬೆಂಕಿಯ ಸುತ್ತ ಕೂರುವುದು. ಕೋವಿಯಿಲ್ಲದ ದಂಡು ಅನ್ನಬಹುದು.

ಇಪ್ಪತ್ತು ವರ್ಷದ ಮೇಲೆ, 1881ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಒಂದು ಸರೋವರದ ನಡುಗಡ್ಡೆಯಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ಕಾಲೇಜು ವಿದ್ಯಾರ್ಥಿ ‘ಕ್ಯಾಂಪ್ ಚೊಕೊರುವಾ’ ತೆರೆದ. ಅವನ ಚಿಂತೆ ಶ್ರೀಮಂತರ ಮಕ್ಕಳದ್ದು. ಬೇಸಿಗೆ ಬಂದರೆ ಈ ಹುಡುಗರು ಅಮ್ಮಂದಿರ ಜೊತೆ ದೊಡ್ಡ ಹೋಟೆಲುಗಳಲ್ಲಿ ಕೂತು ಏನೂ ಮಾಡದೆ ಕೆಡುತ್ತಿದ್ದಾರೆ ಎಂಬುದು ಅವನಿಗೆ ಕಂಡಿತ್ತು. ಹಾಗಾಗಿ ಅವನ ಶಿಬಿರದಲ್ಲಿ ಆಳುಗಳಿಲ್ಲ. ಅಡುಗೆ, ಪಾತ್ರೆ, ಕಟ್ಟಿಗೆ, ದೋಣಿಯ ದುರಸ್ತಿ ಎಲ್ಲ ಹುಡುಗರದ್ದೇ. ಮಾಡಿದ ಕೆಲಸಕ್ಕೆ ಕೂಲಿ, ಕೂಲಿ ಇಡಲು ಶಿಬಿರದ್ದೇ ಒಂದು ಬ್ಯಾಂಕು. ಇದನ್ನು ಓದಿದಾಗ ನಮಗೆ ನಗು ಬಂತು. ಕಟ್ಟಿಗೆ ತರುವುದು, ಪಾತ್ರೆ ತೊಳೆಯುವುದು, ಸಣ್ಣಪುಟ್ಟ ಕೂಲಿ ಇವೆಲ್ಲ ನಮ್ಮ ಬೇಸಿಗೆ ರಜೆಯ ದಿನಚರಿ. ಗೋಡಂಬಿ ಬೀಜ ಹೆಕ್ಕಿ ಅಂಗಡಿಗೆ ಮಾರಿ ಕ್ರಿಕೆಟ್ ಚೆಂಡು ತಂದವರೂ ನಮ್ಮಲ್ಲಿದ್ದಾರೆ. ಅದಕ್ಕೆ ಶಿಬಿರ ಅಂತ ಹೆಸರಿದ್ದದ್ದು ಗೊತ್ತಿರಲಿಲ್ಲ.

ಈ ಎರಡರ ನಡುವೆ, 1876ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ನಡೆದದ್ದನ್ನು ಶಿಬಿರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಸಾಲಲ್ಲಿ ಮುಗಿಸಿಬಿಡುತ್ತಾರೆ. ನಮಗೆ ಮುಖ್ಯ ಅನ್ನಿಸಿದ್ದು ಅದೇ. ಜ್ಯೂರಿಕ್ ನಗರದ ಪಾದ್ರಿ ಹರ್ಮನ್ ವಾಲ್ಟರ್ ಬಿಯಾನ್ ಅದಕ್ಕೆ ಮೊದಲು ಅಪೆನ್‌ಜೆಲ್ ಎಂಬ ಬೆಟ್ಟದ ಸೀಮೆಯಲ್ಲಿ ಇದ್ದವರು. ನಗರಕ್ಕೆ ಬಂದ ಮೇಲೆ ಕಾರ್ಮಿಕರ ಓಣಿಗಳ ಮಕ್ಕಳನ್ನು ನೋಡಿದರು: ರಕ್ತವಿಲ್ಲದ ಮುಖ, ಬಿಸಿಲು ಕಾಣದ ಮೈ. ಉಳ್ಳವರ ಮಕ್ಕಳು ರಜೆಗೆ ಬೆಟ್ಟಕ್ಕೆ ಹೋಗುತ್ತಾರೆ, ಇವರು ಎಲ್ಲಿಗೆ ಹೋಗಬೇಕು? ದಾನಿಗಳಿಂದ ಹಣ ಎತ್ತಿ, ಬಡ ಮತ್ತು ಸೊರಗಿದ 68 ಮಕ್ಕಳನ್ನು ಆರಿಸಿ, ಶಿಕ್ಷಕರ ಜೊತೆ ಅದೇ ಅಪೆನ್‌ಜೆಲ್‌ಗೆ ಕಳಿಸಿದರು. ಎರಡು ವಾರ ಹಾಲು, ಹೊಟ್ಟೆ ತುಂಬ ಊಟ, ಬೆಟ್ಟ ಹತ್ತುವುದು, ಆಟ. ‘ರಜಾ ವಸಾಹತು’ ಎಂಬ ಅರ್ಥದ ಹೆಸರಿನಲ್ಲಿ ಈ ಪದ್ಧತಿ ಕೆಲವೇ ವರ್ಷಗಳಲ್ಲಿ ಜರ್ಮನಿ, ಆಸ್ಟ್ರಿಯಾಗಳಿಗೆ ಹಬ್ಬಿ 1883ಕ್ಕೆ ಪ್ಯಾರಿಸ್ ಮುಟ್ಟಿತು. ಅಲ್ಲಿ ಮಕ್ಕಳು ಹೊರಡುವ ಮುಂಚೆ ಮತ್ತು ಬಂದ ಮೇಲೆ ತೂಕ ನೋಡಿ ಬರೆದಿಡುತ್ತಿದ್ದರು. ಶಿಬಿರ ಫಲ ಕೊಟ್ಟಿತೋ ಇಲ್ಲವೋ ಎಂಬುದಕ್ಕೆ ತಕ್ಕಡಿಯೇ ಸಾಕ್ಷಿ. ಸಮಾರೋಪ ಭಾಷಣಕ್ಕಿಂತ ಪ್ರಾಮಾಣಿಕವಾದ ವರದಿ ಅದು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗಬೇಕು. ಪಶ್ಚಿಮದ ಬೇಸಿಗೆ ರಜೆ ಹೊಲದ ಕೆಲಸಕ್ಕಾಗಿ ಹುಟ್ಟಿತೆಂದು ಎಷ್ಟೋ ಕಡೆ ಓದುತ್ತೇವೆ. ಅಮೆರಿಕದ ಮಟ್ಟಿಗೆ ಅದು ಸರಿಯಲ್ಲ. ಅಲ್ಲಿನ ಹಳ್ಳಿ ಶಾಲೆಗಳು ಹಿಂದೆ ಬೇಸಿಗೆಯಲ್ಲೂ ನಡೆಯುತ್ತಿದ್ದವು, ಬಿಡುವು ಸಿಗುತ್ತಿದ್ದದ್ದು ಬಿತ್ತನೆ ಮತ್ತು ಕೊಯ್ಲಿನ ಹೊತ್ತಿಗೆ. ನಡು ಬೇಸಿಗೆಯ ಉದ್ದನೆಯ ರಜೆ ಬಂದದ್ದು ನಗರಗಳಿಂದ. ಸೆಕೆ, ರೋಗದ ಭಯ, ಊರು ಬಿಟ್ಟು ಹೋಗುವ ಅನುಕೂಲಸ್ಥರು ಇವೆಲ್ಲ ಸೇರಿ ಶಾಲೆ ಮುಚ್ಚುತ್ತಿತ್ತು. ಹೀಗೆ ರಜೆಯೂ ನಗರದ್ದು, ಆ ರಜೆಯನ್ನು ತುಂಬಲು ಹುಟ್ಟಿದ ಶಿಬಿರವೂ ನಗರದ್ದು. ನಗರ ಮಕ್ಕಳಿಂದ ಕಿತ್ತುಕೊಂಡ ಗಾಳಿ, ನೀರು, ಬಯಲನ್ನು ಎರಡು ವಾರದ ಮಟ್ಟಿಗೆ ವಾಪಸು ಕೊಡುವ ಏರ್ಪಾಡು.

ಶಿಬಿರ ನಮ್ಮ ನಾಡಿಗೆ ಬಂದದ್ದು ಸ್ಕೌಟ್ಸ್ ಮೂಲಕ. ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಇಟ್ಟುಕೊಂಡು ಒಂದು ವಾರದ ಪ್ರಯೋಗ ಮಾಡಿದರು. ದೊಡ್ಡ ಮನೆತನದ ಶಾಲೆಗಳ ಹುಡುಗರೂ ದುಡಿಯುವ ಮನೆಗಳ ಹುಡುಗರೂ ಒಂದೇ ಡೇರೆಯಲ್ಲಿ. ಬೆಳಿಗ್ಗೆ ಎಬ್ಬಿಸಲು ಆಫ್ರಿಕಾದ ಯುದ್ಧದಿಂದ ತಂದ ಕುಡು ಜಿಂಕೆಯ ಕೊಂಬು. ಜಾಡು ಹಿಡಿಯುವುದು, ಗಂಟು ಹಾಕುವುದು, ಬೆಂಕಿ ಹೊತ್ತಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲವೂ ಸೈನ್ಯದ ಬೇಹುಗಾರಿಕೆಯಿಂದ ಬಂದ ಪಾಠಗಳೇ. ಎರಡೇ ವರ್ಷದಲ್ಲಿ, 1909ರಲ್ಲಿ, ಬೆಂಗಳೂರಿನಲ್ಲಿ ಸ್ಕೌಟ್ ದಳ ಶುರುವಾಯಿತು. ಭಾರತದ ಮೊದಲ ದಳವೆಂದು ಅದನ್ನೇ ಹೇಳುತ್ತಾರೆ. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಈ ನೆಲದ ಮಕ್ಕಳಿಗೆ ಈ ನೆಲದ ಬಯಲಲ್ಲಿ ಡೇರೆ ಹಾಕಲು ಅವಕಾಶವಿರಲಿಲ್ಲ. ಆ ಬಾಗಿಲು ತೆರೆಯದಿದ್ದಾಗ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿ ಬೇರೆಯೇ ಸ್ಕೌಟ್ ಸಂಘ ಕಟ್ಟಿದರು. ಮುಂದೆ ಹಲವು ಸಂಘಗಳಾಗಿ, ಸ್ವಾತಂತ್ರ್ಯದ ಬಳಿಕ 1950ರ ನವೆಂಬರ್ 7ರಂದು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮಧ್ಯ ಕರ್ನಾಟಕದವರಿಗೆ ಸ್ಕೌಟ್ ಶಿಬಿರ ಅಂದರೆ ಕೊಂಡಜ್ಜಿ. ದಾವಣಗೆರೆ ಪಕ್ಕದ ಆ ಕೆರೆ, ಗುಡ್ಡ, ಕುರುಚಲು ಕಾಡಿನ ನಡುವೆ ಶಿಬಿರಾಗ್ನಿಯ ಸುತ್ತ ಕೂತು ಬಂದವರು ಸರ್ಕಾರಿ ಶಾಲೆಗಳಲ್ಲೂ ಬೇಕಾದಷ್ಟು ಜನ ಸಿಗುತ್ತಾರೆ. ಶಿಬಿರ ಎಂಬ ಪದ ಮಕ್ಕಳ ಬಾಯಿಗೆ ಬಂದದ್ದು ಇಲ್ಲಿಂದಲೇ ಇರಬೇಕು ಅನ್ನುವುದು ನಮ್ಮ ಅಂದಾಜು.

ಇದು ಬಯಲಿನ ಅರ್ಧ. ಪಟ್ಟಿಯ ಇನ್ನರ್ಧ, ಅಂದರೆ ಹಾಡು, ಬಣ್ಣ, ಮುಖವಾಡ, ನಾಟಕ, ಬೇರೆ ದಾರಿಯಿಂದ ಬಂತು.

1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಅಖಿಲ ಕರ್ನಾಟಕ ಮಕ್ಕಳ ಕೂಟ ಆರಂಭಿಸಿದರು. ಆಕೆ ಪತ್ರಕರ್ತೆ. ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದವರು. ನಮ್ಮ ತರಗತಿಗಳಲ್ಲಿ ಕನ್ನಡ ಪತ್ರಿಕೋದ್ಯಮದ ಇತಿಹಾಸ ಹೇಳುವಾಗ ಅವರ ಹೆಸರು ಒಂದು ಸಾಲಲ್ಲಿ ಬಂದು ಹೋಗುತ್ತಿತ್ತು. ಮಕ್ಕಳ ಕೂಟದ ಮಾತು ಬರುತ್ತಲೇ ಇರಲಿಲ್ಲ. ಮಕ್ಕಳು ಹಾಡಲು, ಆಡಲು, ನಾಟಕ ಆಡಲು ಶಾಲೆಯೂ ಅಲ್ಲದ ಮನೆಯೂ ಅಲ್ಲದ ಒಂದು ಜಾಗ ಬೇಕೆಂದು ಆ ಕಾಲಕ್ಕೆ ಅನ್ನಿಸಿದ್ದೇ ದೊಡ್ಡದು. ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಅಂದರೆ ಇವತ್ತಿಗೂ ಆಟೋದವರಿಗೆ ಗೊತ್ತು.

ಅದೇ ಹೊತ್ತಿನಲ್ಲಿ ಪುತ್ತೂರಿನಲ್ಲಿ ಶಿವರಾಮ ಕಾರಂತರಿದ್ದರು. ಪೇಟೆಯ ಹೊರಗಿನ ಗುಡ್ಡದ ಮೇಲೆ ಬಾಲವನ ಕಟ್ಟಿಕೊಂಡು, ಆಟದೊಳಗೇ ಪಾಠ ಇರಬೇಕು, ಮಗು ಕೈಯಿಂದ ಮುಟ್ಟಿ ಕಲಿಯಬೇಕು ಎಂದು ಹಟ ಹಿಡಿದು ಮಕ್ಕಳ ಶಾಲೆ ನಡೆಸಿದರು. ಕುಣಿತ, ನಾಟಕ, ಚಿತ್ರ ಎಲ್ಲ ಅಲ್ಲಿತ್ತು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು 1930ರ ದಶಕದಲ್ಲಿ ಹೊರತಂದರು. ಶಾಲೆ ಬಹಳ ಕಾಲ ನಡೆಯಲಿಲ್ಲ. ಅದರ ಬಗ್ಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಿದವರಿಗೆ ಒಂದಿಷ್ಟು ಗೊತ್ತಿರುತ್ತದೆ. ಗಮನಿಸಿ ನೋಡಿದರೆ ಬಾಲವನವಾಗಲಿ ಮಕ್ಕಳ ಕೂಟವಾಗಲಿ ರಜೆಗೆಂದು ಹುಟ್ಟಿದವಲ್ಲ. ವರ್ಷವಿಡೀ ನಡೆಯಬೇಕಾದದ್ದು ಎಂದೇ ಅವರು ಎಣಿಸಿದ್ದರು. ಮುಂದೆ ಶಾಲೆ ಆ ಕೆಲಸಗಳನ್ನು ಹೊರಗೆ ತಳ್ಳಿದ್ದರಿಂದ ಅವು ಬೇಸಿಗೆ ರಜೆಗೆ ಬಂದು ಕೂತವು.

ಅವನ್ನು ಬೇಸಿಗೆಯ ಹಬ್ಬವಾಗಿ ಮಾಡಿದವರು ರಂಗಭೂಮಿಯವರು. ಈ ಮಾತಿಗೆ ಬಿ.ವಿ. ಕಾರಂತರಿಂದಲೇ ಶುರು ಮಾಡಬೇಕು. ಬಂಟ್ವಾಳದ ಕಡೆಯ ಮಂಚಿಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ನಾಟಕ ಒಂದು ಮಗುವನ್ನು ಎಲ್ಲಿಂದ ಎಲ್ಲಿಗೆ ಎಳೆದೊಯ್ಯಬಲ್ಲದು ಎಂಬುದಕ್ಕೆ ಅವರಿಗೆ ಬೇರೆ ಉದಾಹರಣೆ ಬೇಕಿರಲಿಲ್ಲ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಮೇಲೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದರು. ರವೀಂದ್ರನಾಥ ಠಾಕೂರರ ಗಿಣಿಯ ಕಥೆಯಿಂದ ಅವರು ಮಾಡಿದ ‘ಪಂಜರ ಶಾಲೆ’ ಕನ್ನಡದ ಮಕ್ಕಳು ಮತ್ತೆ ಮತ್ತೆ ಆಡಿದ ನಾಟಕ. ರಾಜ ಗಿಣಿಗೆ ವಿದ್ಯೆ ಕಲಿಸಲು ಹೇಳುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಣಿಯ ಬಾಯಿಗೆ ತುರುಕುತ್ತಾರೆ. ಎಲ್ಲರ ಕೆಲಸ ನಡೆಯುತ್ತದೆ, ಗಿಣಿ ಮಾತ್ರ ಉಳಿಯುವುದಿಲ್ಲ. ಪರೀಕ್ಷೆ ಮುಗಿಸಿ ರಜೆಗೆ ಬಂದ ಮಕ್ಕಳ ಕೈಯಲ್ಲಿ ಈ ನಾಟಕ ಆಡಿಸಿ ಎದುರಿಗೆ ಅಪ್ಪ ಅಮ್ಮಂದಿರನ್ನು ಕೂರಿಸುವುದು ಸಣ್ಣ ಚೇಷ್ಟೆಯಲ್ಲ.

ಪ್ರೇಮಾ ಕಾರಂತರು ಬೆನಕ ತಂಡದ ಮಕ್ಕಳ ವಿಭಾಗವನ್ನು 1979ರಲ್ಲಿ ಕಟ್ಟಿ ವರ್ಷಗಟ್ಟಲೆ ನಡೆಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಹುಟ್ಟಿತು, ಬಿ.ವಿ. ಕಾರಂತರೇ ಮೊದಲ ನಿರ್ದೇಶಕರು. ಅಲ್ಲಿನ ಬೇಸಿಗೆಯ ‘ಚಿಣ್ಣರ ಮೇಳ’ ಎಷ್ಟು ಹೆಸರಾಯಿತೆಂದರೆ ಅರ್ಜಿ ಕೊಡುವ ದಿನ ತಂದೆ ತಾಯಂದಿರು ಬೆಳಗಿನ ಜಾವದಿಂದ ಸಾಲು ನಿಲ್ಲುವುದು ಮೈಸೂರಿನಲ್ಲಿ ವರ್ಷ ವರ್ಷದ ಸುದ್ದಿಯಾಯಿತು. ಇತ್ತ ಶರಾವತಿ ಹಿನ್ನೀರಿನ ಆಚೆ, ಲಾಂಚು ಹತ್ತಿ ಹೋಗಬೇಕಿದ್ದ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿಯವರು ‘ಕಿನ್ನರ ಮೇಳ’ ಕಟ್ಟಿ ಮಕ್ಕಳ ನಾಟಕಗಳನ್ನು ಊರೂರಿಗೆ ಒಯ್ದರು. ವೈದೇಹಿಯವರು ‘ಧಾಂ ಧೂಂ ಸುಂಟರಗಾಳಿ’, ‘ಗೊಂಬೆ ಮ್ಯಾಕ್‌ಬೆತ್’ ಮುಂತಾದ ನಾಟಕಗಳನ್ನು ಬರೆದು ಶೇಕ್ಸ್‌ಪಿಯರ್‌ನನ್ನು ಕುಂದಾಪುರದ ಮಕ್ಕಳ ಹೆಗಲ ಮೇಲೆ ಕೈ ಹಾಕಿಸಿ ಕೂರಿಸಿದರು.

ಹೆಸರು ನೋಡಿ. ಚಿಣ್ಣರ ಮೇಳ, ಕಿನ್ನರ ಮೇಳ. ಕರಾವಳಿ ಮಲೆನಾಡಿನವರಿಗೆ ಮೇಳ ಅಂದರೆ ಯಕ್ಷಗಾನದ ಮೇಳ. ಮಳೆಗಾಲ ಮುಗಿದ ಮೇಲೆ ಹೊರಟು, ಬೇಸಿಗೆಯುದ್ದಕ್ಕೂ ಊರೂರು ಸುತ್ತಿ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳ. ಶಿಬಿರದಲ್ಲಿ ಒಬ್ಬ ನಾಯಕ, ಒಂದು ಸೀಟಿ, ಒಂದು ಸಾಲು ಇರುತ್ತದೆ. ಮೇಳದಲ್ಲಿ ಚೌಕಿ ಇರುತ್ತದೆ. ಅಲ್ಲಿ ಒಬ್ಬ ಬಣ್ಣ ಹಚ್ಚುತ್ತಿರುತ್ತಾನೆ, ಒಬ್ಬ ಕಿರೀಟ ಕಟ್ಟಿಕೊಳ್ಳುತ್ತಿರುತ್ತಾನೆ, ಇನ್ನೊಬ್ಬ ಗೊರಕೆ ಹೊಡೆಯುತ್ತಿರುತ್ತಾನೆ, ಆದರೂ ಹೊತ್ತಿಗೆ ಸರಿಯಾಗಿ ಆಟ ಏರುತ್ತದೆ. ಪಶ್ಚಿಮದ ಶಿಬಿರ ದಂಡಿನಿಂದ ಹುಟ್ಟಿದರೆ ಕನ್ನಡದ ಮಕ್ಕಳ ಬೇಸಿಗೆ ಚೌಕಿಯಿಂದ ಹುಟ್ಟಿತು ಅಂದರೆ ತುಸು ಹೆಚ್ಚಾದೀತು. ಆದರೂ ಆ ಗದ್ದಲದಲ್ಲಿ ಚೌಕಿಯ ವಾಸನೆ ಇದೆ.

ಒಳ್ಳೆಯ ಮೇಳವೊಂದರ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ವರದಿಗೆ ಹೋದಾಗೆಲ್ಲ ಹತ್ತಿರದಿಂದ ನೋಡಿದ್ದೇವೆ. ಮೊದಲ ದಿನ ನಾಟಕದ ಮಾತೇ ಇರುವುದಿಲ್ಲ. ಮಕ್ಕಳನ್ನು ಸುತ್ತ ಕೂರಿಸಿ ಮಳೆ ಬರಿಸುತ್ತಾರೆ. ಒಂದು ಬೆರಳಿನಿಂದ ಅಂಗೈಗೆ ತಟ್ಟುವುದು, ಆಮೇಲೆ ಎರಡು ಬೆರಳು, ಮೂರು, ನಾಲ್ಕು, ಕೊನೆಗೆ ಪೂರ್ತಿ ಚಪ್ಪಾಳೆ, ತೊಡೆಗೆ ಬಡಿತ. ಕಣ್ಣು ಮುಚ್ಚಿ ಕೂತರೆ ಹೆಂಚಿನ ಮೇಲೆ ಆಷಾಢದ ಮಳೆ. ಮತ್ತೆ ನಾಲ್ಕು, ಮೂರು, ಎರಡು, ಒಂದು, ಮಳೆ ನಿಲ್ಲುತ್ತದೆ. ನಲವತ್ತು ಮಕ್ಕಳು ಒಟ್ಟಿಗೆ ಸುಮ್ಮನಾಗುವುದನ್ನು ಯಾವ ಸೀಟಿಯೂ ಹೀಗೆ ಸಾಧಿಸುವುದಿಲ್ಲ. ಆಮೇಲೆ ಕನ್ನಡಿ ಆಟ: ಎದುರು ಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡುವುದು. ಪೇಟೆಯ ವೈದ್ಯರ ಮಗಳೂ ಗಾರೆ ಕೆಲಸದವರ ಮಗನೂ ಕನ್ನಡಿಯಾಗಿ ನಿಂತದ್ದನ್ನು ಬೇರೆ ಎಲ್ಲೂ ನಾವು ಕಂಡಿಲ್ಲ.

ಮುಖವಾಡಕ್ಕೆ ಮೂರ್ನಾಲ್ಕು ದಿನ ಬೇಕು. ಜೇಡಿಮಣ್ಣಿನಲ್ಲಿ ಹುಲಿಯದ್ದೋ ರಕ್ಕಸನದ್ದೋ ಮುಖ ಮಾಡಿ, ಮೇಲೆ ಒದ್ದೆ ಕಾಗದದ ಚೂರುಗಳನ್ನು ಪದರ ಪದರವಾಗಿ ಮೈದಾ ಅಂಟಿನಲ್ಲಿ ಹಚ್ಚಿ ಬಿಸಿಲಿಗಿಡುತ್ತಾರೆ. ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಒಣಗಿದ ಮೇಲೆ ಮಣ್ಣಿನಿಂದ ಬಿಡಿಸಿ ಕಣ್ಣಿಗೆ ತೂತು ಕೊರೆದು ಬಣ್ಣ ಬಳಿಯುವುದು. ಕಾಗದವೆಂದರೆ ಹಳೇ ಪತ್ರಿಕೆ. ನಾವು ಬರೆದ ಸುದ್ದಿ ಮಂಡಕ್ಕಿ ಪೊಟ್ಟಣವಾಗುವುದಕ್ಕಿಂತ ಹುಲಿಯ ಮುಖವಾಗುವುದು ಮೇಲು. ಸಂಗೀತಕ್ಕೆ ಹಾರ್ಮೋನಿಯಂ ಇದ್ದರೆ ಇತ್ತು, ಇಲ್ಲದಿದ್ದರೆ ಕರಟ, ಕಲ್ಲು, ಎಣ್ಣೆ ಡಬ್ಬ. ಬಿ.ವಿ. ಕಾರಂತರೂ ಇಂಥ ಸದ್ದುಗಳಿಂದಲೇ ರಂಗಸಂಗೀತ ಕಟ್ಟಿದವರು.

ಕೊನೆಯ ದಿನದ ನಾಟಕದ ಲೆಕ್ಕ ಇನ್ನೂ ಕಷ್ಟ. ನಲವತ್ತು ಮಕ್ಕಳಿದ್ದಾರೆ, ಎಲ್ಲರ ಮನೆಯವರೂ ಬರುತ್ತಾರೆ, ಯಾರನ್ನೂ ಬಿಡುವಂತಿಲ್ಲ. ರಾಜ ಒಬ್ಬನೇ. ಹಾಗಾಗಿ ಕಾಡು ಬರುತ್ತದೆ, ಕಾಡಿನಲ್ಲಿ ಹದಿನೈದು ಮರ. ಇಲಿಗಳು ಬರುತ್ತವೆ. ಕುವೆಂಪು ಅವರ ಕಿಂದರಿಜೋಗಿಯ ಕಥೆ ನಮ್ಮ ಮಕ್ಕಳ ರಂಗದಲ್ಲಿ ಇಷ್ಟು ಬಾಳಿದ್ದಕ್ಕೆ ಒಂದು ಕಾರಣ ಅದರಲ್ಲಿ ಎಷ್ಟು ಮಕ್ಕಳಿಗೆ ಬೇಕಾದರೂ ಜಾಗ ಇರುವುದು ಎಂದು ನಮಗೆ ಅನುಮಾನ. ಮೊದಲು ಇಲಿ, ಆಮೇಲೆ ಅವೇ ಮಕ್ಕಳು ಮಕ್ಕಳಾಗಿಯೇ ಜೋಗಿಯ ಹಿಂದೆ ಹೋಗಬಹುದು.

ಕೂಟ, ಮೇಳಗಳ ದಾರಿಯಲ್ಲಿ ಬಂದವರು ಹಸಿರು ತುಂಬಿದ ಬಯಲನ್ನು ಹುಡುಕಿಕೊಂಡು ಹೋಗಲಿಲ್ಲ. ಹೋಗಬೇಕಿರಲಿಲ್ಲ. ಬಯಲು ಮನೆ ಬಾಗಿಲಲ್ಲೇ ಇತ್ತು. ಅಜ್ಜಿ ಮನೆ, ಮಾವಿನ ತೋಪು, ಜಾತ್ರೆ, ಕೆರೆ, ದನದ ಹಿಂದೆ ಅಲೆದಾಟ. ಮಕ್ಕಳಿಗೆ ಇಲ್ಲದಿದ್ದದ್ದು ರಂಗ, ಬಣ್ಣ, ತಮ್ಮ ಮಾತನ್ನು ಹಿರಿಯರು ಕೂತು ಕೇಳುವ ಒಂದು ಸಂಜೆ. ಕಲ್ಯಾಣಮ್ಮನವರೂ ಇಬ್ಬರು ಕಾರಂತರೂ ಅದನ್ನು ನೋಡಿದರು, ಅದನ್ನೇ ಕೊಟ್ಟರು. ಬಿಯಾನ್ ಹಸಿದ ಮಕ್ಕಳನ್ನು ನೋಡಿ ಹಾಲು ಕೊಟ್ಟ ಹಾಗೆ, ಬಾಲ್ಚ್ ಸೋಮಾರಿ ಮಕ್ಕಳನ್ನು ನೋಡಿ ಪಾತ್ರೆ ತೊಳೆಸಿದ ಹಾಗೆ.

ಈಗಿನ ಪ್ರಕಟಣೆಗಳಲ್ಲಿ ಮಕ್ಕಳನ್ನು ನೋಡಿ ಬರೆದ ಪಟ್ಟಿ ಅಪರೂಪ. ನಗರದಲ್ಲಿ ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳಿಗೆ ಎರಡು ತಿಂಗಳು ಮಗುವನ್ನು ಎಲ್ಲಿ ಬಿಡುವುದೆಂಬುದೇ ದೊಡ್ಡ ಪ್ರಶ್ನೆ. ಶಿಬಿರ ಅದಕ್ಕೆ ಉತ್ತರವಾಯಿತು, ತಪ್ಪೇನಿಲ್ಲ. ಅದರ ಜೊತೆಗೆ ಅಬಾಕಸ್, ವೇದಗಣಿತ, ಸ್ಪೋಕನ್ ಇಂಗ್ಲಿಷ್, ರೋಬೊಟಿಕ್ಸ್ ಎಲ್ಲ ಬಂದು ಸೇರಿದವು. ಗಿಣಿಯ ಪಂಜರ ರಜೆಗೂ ಹೊಂದುವಂತೆ ಅಗಲವಾಯಿತು. ನಗರದ ಆ ಪಟ್ಟಿಯೇ ಈಗ ಬಸ್ ಹತ್ತಿ ತಾಲೂಕು ಕೇಂದ್ರಕ್ಕೆ ಬಂದಿದೆ, ಶುಲ್ಕದ ಸಮೇತ.

ಹಳ್ಳಿಯ ಮಕ್ಕಳ ಬೇಸಿಗೆಯನ್ನು ನೋಡಿ ಮಾಡಿದ ಕೆಲಸಗಳು ಇಲ್ಲವೆಂದಲ್ಲ. ಅವುಗಳಿಗೆ ಶಿಬಿರವೆಂಬ ಮರ್ಯಾದೆ ಸಿಗುವುದು ಕಡಿಮೆ. 2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರ ಶಾಲೆ ಬಿಟ್ಟ ಮಕ್ಕಳಿಗಾಗಿ ‘ಚಿಣ್ಣರ ಅಂಗಳ’ ನಡೆಸಿತು. ಬೇಸಿಗೆಯ ಎರಡು ತಿಂಗಳು ಮಕ್ಕಳನ್ನು ಇಟ್ಟುಕೊಂಡು ಹಾಡು, ಆಟ, ಅಕ್ಷರ ಕಲಿಸಿ ಜೂನ್‌ನಲ್ಲಿ ಶಾಲೆಗೆ ಸೇರಿಸುವುದು. ಬರಗಾಲದ ವರ್ಷಗಳಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಹಾಕಿದರು. 1876ರ ಆ ಪಾದ್ರಿಗೆ ತಕ್ಷಣ ಅರ್ಥವಾಗುತ್ತಿದ್ದ ಕಾರ್ಯಕ್ರಮ ಅದು. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಚಿನ ಬೇಸಿಗೆಗಳಲ್ಲಿ ಅದೇ ಗ್ರಂಥಾಲಯಗಳಲ್ಲಿ ಶಿಬಿರಗಳೂ ನಡೆಯುತ್ತಿವೆ. ಕಥೆ ಓದುವುದು, ಚಿತ್ರ ಬರೆಯುವುದು, ಚದುರಂಗ, ಪದಬಂಧ, ಸಣ್ಣಪುಟ್ಟ ವಿಜ್ಞಾನದ ಪ್ರಯೋಗ. ಮೇಲ್ವಿಚಾರಕರು ಚುರುಕಾಗಿದ್ದ ಕಡೆ ಚೆನ್ನಾಗಿ ನಡೆದಿವೆ. ಶುಲ್ಕವಿಲ್ಲ, ನಡೆದು ಹೋಗುವ ದೂರ. ಹಳ್ಳಿಗೆ ಕೂಟ ಬಂದದ್ದು ನಿಜಕ್ಕೂ ಈಗ.

ಆ ಪಟ್ಟಿಯಲ್ಲೂ ಒಂದು ಸಾಲು ಬೇಕಿತ್ತು.

ಶಿಬಿರದ ಪ್ರಕಟಣೆ ಅಚ್ಚಾಗುವ ಅದೇ ಪುಟದಲ್ಲಿ, ಪ್ರತಿ ಏಪ್ರಿಲ್ ಮೇ ತಿಂಗಳಲ್ಲಿ, ಇನ್ನೊಂದು ಸುದ್ದಿ ಇರುತ್ತದೆ. ‘ಈಜಲು ಹೋದ ಬಾಲಕರು ನೀರುಪಾಲು’. ಕೆರೆ, ನಾಲೆ, ಕಲ್ಲುಕ್ವಾರಿ, ಈಗ ಹೆಚ್ಚಾಗಿ ಕೃಷಿ ಹೊಂಡ. ಅದನ್ನೂ ನಾವು ನಾಲ್ಕು ಸಾಲಿಗೆ ಇಳಿಸಿದ್ದೇವೆ. ಮಳೆಯಾಶ್ರಿತ ರೈತರಿಗಾಗಿ 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಿಂದ ಬಯಲುಸೀಮೆಯ ಹೊಲಗಳಲ್ಲಿ ಊರೂರಿಗೆ ಹೊಂಡಗಳಾದವು. ರೈತರಿಗೆ ಒಳ್ಳೆಯದೇ ಆಯಿತು. ಆದರೆ ನೀರು ಇಂಗದಂತೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆನೆದರೆ ಜಾರುತ್ತದೆ. ಇಳಿದ ಮಗುವಿಗೆ ಕಾಲು ಊರಲು, ಕೈ ಹಿಡಿಯಲು ಏನೂ ಸಿಗುವುದಿಲ್ಲ. ನಾಲ್ಕಡಿ ದೂರದಲ್ಲಿ ದಡ ಇರುತ್ತದೆ, ಹತ್ತಲಾಗುವುದಿಲ್ಲ. ಒಬ್ಬನನ್ನು ಎಳೆಯಲು ಇನ್ನೊಬ್ಬ ಹೋಗುತ್ತಾನೆ. ಆದ್ದರಿಂದಲೇ ಆ ಸುದ್ದಿಯ ತಲೆಬರಹದಲ್ಲಿ ‘ಬಾಲಕರು’ ಎಂದು ಬಹುವಚನ ಇರುವುದು.

ಹೊಂಡಗಳಿಗೆ ತಂತಿಬೇಲಿ ಹಾಕಬೇಕೆಂಬ ಮಾತಿದೆ, ಹಾಕಿದ್ದೂ ಇದೆ. ಆದರೆ ಮೇ ತಿಂಗಳ ಮಧ್ಯಾಹ್ನ ಹನ್ನೊಂದು ವರ್ಷದ ಹುಡುಗನನ್ನು ಬೇಲಿ ತಡೆದೀತೆಂದು ನಂಬಲು ನಾವು ಹಳ್ಳಿಯಲ್ಲಿ ಬೆಳೆದಿರಬಾರದಿತ್ತು. ಹಿಂದೆ ಈಜು ಕಲಿಸಲು ಶಿಬಿರ ಬೇಕಿರಲಿಲ್ಲ ಎಂಬುದೂ ನಿಜ. ಮೆಟ್ಟಿಲಿದ್ದ ತೆರೆದ ಬಾವಿಗಳಿದ್ದವು. ದೊಡ್ಡಪ್ಪನ ಮಗನೋ ಸೋದರಮಾವನೋ ಸೊಂಟಕ್ಕೆ ಪಂಚೆ ಕಟ್ಟಿ, ಅದರ ತುದಿ ಹಿಡಿದು ನೀರಿಗೆ ಬಿಡುತ್ತಿದ್ದರು. ಕೆಲವು ಕಡೆ ಬೆನ್ನಿಗೆ ಒಣಗಿದ ಸೋರೆ ಬುರುಡೆ, ಕೆಲವು ಕಡೆ ಜೋಡಿ ಒಣ ತೆಂಗಿನಕಾಯಿ, ಮಲೆನಾಡಿನ ಕಡೆ ಬಾಳೆದಿಂಡು. ಕೊಳವೆಬಾವಿ ಬಂದ ಮೇಲೆ ಆ ಬಾವಿಗಳು ಬತ್ತಿ ಕಸ ತುಂಬಿದವು. ಅಣ್ಣಂದಿರು, ಮಾವಂದಿರು ಬೆಂಗಳೂರಿಗೆ ದುಡಿಯಲು ಹೋದರು. ನೀರು ಮಾತ್ರ ಹೊಸ ಜಾಗದಲ್ಲಿ, ಹೊಸ ರೂಪದಲ್ಲಿ ಬಂದು ನಿಂತಿದೆ, ಕಲಿಸುವವರು ದಡದಲ್ಲಿಲ್ಲ.

ಗನ್ ಮಾಸ್ತರರು ಹುಡುಗರನ್ನು ಕರೆದೊಯ್ದದ್ದು ಕಡಲ ಬಳಿಗೆ. ಬಾಲ್ಚ್ ಡೇರೆ ಹಾಕಿದ್ದು ಸರೋವರದ ನಡುವೆ. ಅಲ್ಲಿನ ಶಿಬಿರಗಳಲ್ಲಿ ಈಜು ಮೊದಲ ಪಾಠವಾಗಿ ಉಳಿಯಿತು, ಕರಕುಶಲ ಕೆಲಸ ಆಮೇಲೆ ಬಂದು ಸೇರಿತು. ನಮ್ಮಲ್ಲಿ ಕರಕುಶಲದ್ದು ಬಂತು, ಈಜು ಜಿಲ್ಲಾ ಕೇಂದ್ರದ ಈಜುಕೊಳದಲ್ಲೇ ಉಳಿಯಿತು. ಪುತ್ತೂರಿನ ಬಾಲವನದ ಗುಡ್ಡದ ಮೇಲೆ ಈಗ ಒಂದು ಈಜುಕೊಳ ಇದೆ. ಸುತ್ತಲಿನ ಮಕ್ಕಳು ಬೇಸಿಗೆಯಲ್ಲಿ ಅಲ್ಲಿ ಕೈಕಾಲು ಬಡಿಯುತ್ತಾರೆ. ಬಯಲುಸೀಮೆಯ ಹೊಂಡದ ಬದಿಯ ಊರುಗಳಿಂದ ಅಂಥ ಕೊಳಕ್ಕೆ ಎಷ್ಟು ದೂರ ಎಂದು ನಮ್ಮ ತಾಲೂಕುಗಳ ಮಟ್ಟಿಗೆ ಬರೆದಿಟ್ಟುಕೊಳ್ಳುತ್ತಿದ್ದೇವೆ. ನಿಮ್ಮೂರಿನದ್ದನ್ನೂ ತಿಳಿಸಿ. ಹಾಗೆಯೇ ಊರಿನಲ್ಲಿ ಸೋರೆ ಬುರುಡೆ ಕಟ್ಟಿ ಈಜು ಕಲಿಸಬಲ್ಲ ಅಜ್ಜಂದಿರು ಯಾರಾದರೂ ಉಳಿದಿದ್ದರೆ, ಇಟ್ಟುಕೊಳ್ಳಲು ನೀರಿರುವ ಬಾವಿಯೊಂದಿದ್ದರೆ, ಅದನ್ನೂ.